ಮಾಮಾ ಕೂತು ಕೇಳಿದ ಯೂಫೋನಿಯಂ

ಮಹಾರಾಷ್ಟ್ರದ ಗಡಿಯ ಮುರುಮ ಊರಿನ ನಮ್ಮ ಓಣಿಯಲ್ಲಿ ಕಿವಿ ಇದ್ದವರೆಲ್ಲ ರೇವಣಸಿದ್ಧನ ಯೂಫೋನಿಯಂ ಕೇಳಿದ್ದಾರೆ. ಪೂರ್ತಿ ಕೇಳಿದವರು ಮಾತ್ರ ಯಾರೂ ಇಲ್ಲ. ತಪ್ಪು ಯಾರದೆಂದು ಕೇಳಿದರೆ ನಾನಂತೂ ಆ ವಾದ್ಯದ ಮೇಲೆಯೇ ಹಾಕುತ್ತೇನೆ. ತೊಡೆಯ ಮೇಲೆ ಕೂಸಿನಂತೆ ಕೂಡಿಸಿಕೊಂಡು ಊದಬೇಕಾದ ಹಿತ್ತಾಳೆಯ ದೊಡ್ಡ ವಾದ್ಯ ಅದು, ಬಾಯಿ ಮಾತ್ರ ಆಕಾಶದ ಕಡೆಗೆ. ಶಹನಾಯಿಯಂತೆ ಚುರುಕಾಗಿ ಕರೆಯುವುದಿಲ್ಲ, ಕಹಳೆಯಂತೆ ಗದರಿಸುವುದೂ ಇಲ್ಲ. ಊಟವಾದ ಮೇಲೆ ಹಿರಿಯರು ತಮ್ಮಷ್ಟಕ್ಕೆ ತಾವೇ ಗುನುಗಿಕೊಂಡ ಹಾಗೆ ಅದರ ದನಿ. ಓಣಿಯವರು ಅದಕ್ಕೆ ಭೋಂಗಾ ಎಂದು ಹೆಸರಿಟ್ಟು ಕೈ ತೊಳೆದುಕೊಂಡರು.

ರೇವಣಸಿದ್ಧ ಮಿಲಿಟರಿ ಬ್ಯಾಂಡಿನಲ್ಲಿದ್ದವನು. ಈಗ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಬ್ಯಾಂಡಿನಲ್ಲಿದ್ದಷ್ಟು ಕಾಲವೂ ಬೇರೆಯವರ ಹಾಡಿನ ಹಿಂದೆ ನಿಂತು ಪೋಂ ಪೋಂ ಅಂದದ್ದೇ ಅವನ ನಸೀಬು. ನಿವೃತ್ತಿಯ ದಿನ ಬ್ಯಾಂಡ್ ಮಾಸ್ತರರಿಗೆ ಏನು ಅನಿಸಿತೋ, ಯೂಫೋನಿಯಂ ಒಂದೇ ಹಾಡಬೇಕಾದ ನಿಧಾನದ ರಾಗವೊಂದನ್ನು ಬರೆದು ಅವನ ಕೈಗಿಟ್ಟರು. ಅದು ತಳದ ಸುರದಲ್ಲಿ ಶುರುವಾಗಿ, ಒಂದೊಂದೇ ಮೆಟ್ಟಿಲು ಹತ್ತಿ, ತುದಿಗೆ ಹೋಗಿ ತಟ್ಟನೆ ನಿಲ್ಲುತ್ತದೆ. ಆಮೇಲೆ ಮೌನ. ಒಬ್ಬರು ಎರಡು ಸಲ ಸಾವಕಾಶ ಉಸಿರಾಡುವಷ್ಟು ಮೌನ. ಅದಾದ ಮೇಲೆಯೇ ರಾಗದ ಒಳ್ಳೆಯ ಭಾಗ, ಮೆತ್ತಗೆ ಇಳಿದು ಬರುವುದು.

ಕಷ್ಟವೆಲ್ಲ ಆ ಮೌನದ್ದು. ಉಮರ್ಗಾದ ಗಣೇಶೋತ್ಸವದಲ್ಲಿ ಊದಿದಾಗ ಜನ ಅಲ್ಲಿಯೇ ಚಪ್ಪಾಳೆ ಹೊಡೆದು ಮುಂದಿನ ಕುಣಿತಕ್ಕೆ ಕೂಗಿದರು. ಲೋಹಾರಾದ ಒಂದು ಮದುವೆಯಲ್ಲಿ ವರನ ಕಾಕಾ ಹತ್ತಿರ ಬಂದು, "ಚಾರ್ಜಿಂಗ್ ಮುಗೀತೇನ್ರೀ?" ಎಂದು ಕೇಳಿದ. ಅಂಗಡಿಗೆ ಬಂದ ಗಿರಾಕಿಗಳನ್ನು ಚಹಾ ಕೊಟ್ಟು ಕೂಡಿಸಿದರೆ ಅವರೂ ಆ ಮೌನದಲ್ಲೇ ಎದ್ದು, ಛಲೋ ಆತ್ರೀ ಎಂದು ಚೀಲ ಹಿಡಿದು ನಡೆಯುತ್ತಿದ್ದರು. ನಿವೃತ್ತನಾಗಿ ಇಷ್ಟು ವರ್ಷ ಮನೆಯಲ್ಲಿ ದಿನಾ ಊದಿದರೂ ಆ ರಾಗದ ಎರಡನೇ ಅರ್ಧ ಇನ್ನೊಬ್ಬ ಮನುಷ್ಯನ ಕಿವಿಗೆ ಬಿದ್ದಿಲ್ಲ ಎಂಬ ಕೊರಗು ಅವನನ್ನು ತಿನ್ನುತ್ತಿತ್ತು.

ಕಡೆಗೆ ಹೆಂಡತಿ ಶಿವಗಂಗಾಬಾಯಿ ಶರತ್ತು ಹಾಕಿದಳು.

"ಊರಾಗ ಒಬ್ಬರು, ಒಬ್ಬರಂದ್ರ ಒಬ್ಬರು, ಇದನ್ನ ಕಡೀತನಕಾ ಕೇಳ್ಯಾರಂದ್ರ ಮನ್ಯಾಗ ಇರ್ಲಿ. ಇಲ್ಲಂದ್ರ ಈ ರವಿವಾರ ಉಮರ್ಗಾದ ಬಸವಕುಮಾರಗ ಕೊಟ್ಟ ಬಿಡ್ರಿ. ಜ್ವಾಳದ ಡಬ್ಬಿ ಇಡ್ಲಿಕ್ಕ ಜಾಗಾ ಇಲ್ಲ ನನಗ."

ಬಸವಕುಮಾರ ಮದುವೆ ಬ್ಯಾಂಡಿನ ಮಾಲೀಕ. ಅವನ ಕೈಗೆ ಹೋದರೆ ಯೂಫೋನಿಯಂ ಮತ್ತೆ ಜೀವನಪೂರ್ತಿ ಪೋಂ ಪೋಂ ಅನ್ನುವುದೇ. ರೇವಣಸಿದ್ಧ ಎರಡು ದಿನ ಅನ್ನ ಬಿಟ್ಟವನಂತೆ ತಿರುಗಾಡಿ, ಕಡೆಗೆ ಹೆಂಡತಿಯ ಸೋದರಮಾವ ಮಾಣಿಕಪ್ಪನ ಕಾಲಿಗೆ ಬಿದ್ದ.

ಮಾಣಿಕಪ್ಪ ಹಳೆಯ ಕಾಳಿನ ವ್ಯಾಪಾರಿ, ಎಂಬತ್ತು ದಾಟಿದ ಮುದುಕ, ಊರಿನ ಸತ್ಕಾರ ಸಮಾರಂಭಗಳ ಕಾಯಂ ಅಧ್ಯಕ್ಷ. ಕೇಳಲು ಒಪ್ಪಿದ, ಆದರೆ ಅಧ್ಯಕ್ಷನಾಗಿ ಮಾತ್ರ.

"ಹಾರ ಬೇಕು, ಶಾಲ ಬೇಕು, ಮುಂದ ಒಂದ ಕಾಯಿ ಇರಬೇಕು. ಸುಮ್ನ ಕೂತು ಕೇಳಾಕ ನಾ ಏನ್ ಗಿರಾಕೀ ಏನೋ?"

ರವಿವಾರ ಮುಂಜಾನೆ ಮಾಮಾ ಜಳಕ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಬಿಳಿ ಧೋತರ ಉಟ್ಟು ಬಂದ. ಮನೆಯ ಮುಂದಿನ ಕಟ್ಟೆಯ ಮೇಲೆ ಮಣೆ ಹಾಕಿ ಕೂಡಿಸಿದರು. ಕೊರಳಿಗೆ ಚೆಂಡುಹೂವಿನ ಹಾರ, ಹೆಗಲಿಗೆ ಶಾಲು, ಮುಂದೆ ಕಾಯಿ. ಗಟಾರದ ವಾಸನೆ ಬರುತ್ತದೆಂದು ಎರಡು ಊದುಬತ್ತಿ. ಮಾಮಾನ ಸೊಂಟ ಹಿಡಿದಿತ್ತು, ಆಸರೆಯಿಲ್ಲದೆ ಕೂಡಲಾಗುತ್ತಿರಲಿಲ್ಲ. ಅದಕ್ಕೆ ರೇವಣಸಿದ್ಧ ಒಂದು ವಲ್ಲಿಬಟ್ಟೆಯಿಂದ ಅವನನ್ನು ಹಿಂದಿನ ಕಂಬಕ್ಕೆ ಮೆತ್ತಗೆ ಕಟ್ಟಿದ.

"ಕಣ್ಣ ಮುಚ್ಚಿ ಕೇಳ್ರಿ ಮಾಮಾ. ನಡುವ ಒಮ್ಮಿ ಸಪ್ಪಳ ನಿಲ್ತದ. ಮುಗೀತು ಅಂತ ಏಳಬ್ಯಾಡ್ರಿ ಮತ್ತ."

"ಕಂಬಕ್ಕ ಕಟ್ಟಿದವನ ನೀ. ಏಳೂದು ಹ್ಯಾಂಗ?" ಎಂದು ಮಾಮಾ ಕಣ್ಣು ಮುಚ್ಚಿದ.

ಇಲ್ಲಿ ಒಂದು ಮಾತು ಹೇಳಬೇಕು. ನಮ್ಮ ಲಿಂಗಾಯತ ಮಂದಿ ಸತ್ತವರನ್ನು ಮಲಗಿಸುವುದಿಲ್ಲ, ಕೂಡಿಸುತ್ತಾರೆ. ಜಳಕ ಮಾಡಿಸಿ, ವಿಭೂತಿ ಹಚ್ಚಿ, ಹಾರ ಹಾಕಿ, ಬೀಳದಂತೆ ಕಟ್ಟಿ, ಮನೆಯ ಮುಂದೆ ಜನರಿಗೆ ಕಾಣುವಂತೆ ಕೂಡಿಸುತ್ತಾರೆ. ಮಿಲಿಟರಿಯಲ್ಲಿ ಬಾಳುವೆ ಕಳೆದ ರೇವಣಸಿದ್ಧನಿಗೆ ಆ ಹೊತ್ತಿನಲ್ಲಿ ಅದು ನೆನಪಾಗಲಿಲ್ಲ. ಅವನು ಕಟ್ಟೆಯ ಅಂಚಿಗೆ ಕೂತು, ತುಟಿ ಒರೆಸಿಕೊಂಡು, ತಳದ ಸುರ ಹಿಡಿದ.

ಹಾಲಿನ ಗಿಂಡಿ ಹಿಡಿದು ಬಂದ ಅನುಸೂಯಾಬಾಯಿ ಮೊದಲು ಕಂಡಳು. ಎದುರು ಮನೆಯವಳು, ಮಾಣಿಕಪ್ಪನನ್ನು ಹಿಂದಿನ ಸಂಜೆಯಷ್ಟೇ ಮಾತಾಡಿಸಿದವಳು. ಗಿಂಡಿ ಕೆಳಗಿಟ್ಟು, ಸೆರಗು ಬಾಯಿಗೊತ್ತಿಕೊಂಡು, "ಯಪ್ಪಾ, ನಿನ್ನೆ ಸಂಜಿಕ ಉಪ್ಪಿಟ್ಟ ಕೇಳಿದ್ಯಲ್ಲೋ, ಕೊಡಲಿಲ್ಲಲ್ಲೋ ನಾ!" ಎಂದು ಶುರು ಮಾಡಿದಳು. ಓಣಿಯ ಬಾಗಿಲುಗಳು ತೆರೆದವು. ಯಾರೋ ಫೋಟೋ ತೆಗೆದು ಊರ ಗ್ರೂಪಿಗೆ ಹಾಕಿದರು. ಭಾವಪೂರ್ಣ ಶ್ರದ್ಧಾಂಜಲಿ ಎಂಬ ಮರಾಠಿ ಮೆಸೇಜುಗಳು ಒಂದರ ಹಿಂದೊಂದು ಬಂದವು. ಆ ಗ್ರೂಪಿನಲ್ಲಿ ಮಾಣಿಕಪ್ಪನೂ ಇದ್ದ. ಪ್ರತಿ ಶ್ರದ್ಧಾಂಜಲಿಗೂ ಅವನ ಕಿಸೆಯ ಮೊಬೈಲು ಡುರ್ ಅನ್ನುತ್ತಿತ್ತು. ಹತ್ತಿರ ಕೂತವರು ಅದನ್ನು ಕೇಳಿ ಇನ್ನಷ್ಟು ಅತ್ತರು.

ರೇವಣಸಿದ್ಧ ಕಣ್ಣು ತೆರೆದಾಗ ಮುಂದೆ ಜಾತ್ರೆಯಷ್ಟು ಜನ. ನೆಲದ ಮೇಲೆ ಸಾಲಾಗಿ ಕೂತಿದ್ದಾರೆ. ಯಾರೂ ಚೀಲ ಹಿಡಿದಿಲ್ಲ. ಏನಾಗಿದೆ ಎಂದು ಅವನಿಗೆ ತಿಳಿಯಿತು. ಊದುವುದು ನಿಲ್ಲಿಸಿ ನಿಜ ಹೇಳಬೇಕು. ಆದರೆ ನಿಲ್ಲಿಸಿದರೆ ರಾಗ ಹೋಯಿತು, ರಾಗ ಹೋದರೆ ಯೂಫೋನಿಯಂ ಹೋಯಿತು. ಮಾಮಾ ಬದುಕಿರುವ ಸುದ್ದಿಯನ್ನು ಆಮೇಲೂ ಹೇಳಬಹುದು, ಅದೇನು ಹಳಸುವುದಿಲ್ಲ ಎಂದುಕೊಂಡು ಮುಂದಿನ ಮೆಟ್ಟಿಲು ಹತ್ತಿದ.

ಅಷ್ಟರಲ್ಲಿ ಬಸವಕುಮಾರ ಮೋಟರ್ ಸೈಕಲ್ಲಿನಿಂದ ಇಳಿದ. ಯೂಫೋನಿಯಂ ಒಯ್ಯಲು ಬಂದವನು ಟೋಪಿ ತೆಗೆದು ಕೈ ಮುಗಿದು, ಪಕ್ಕದವನ ಕಿವಿಯಲ್ಲಿ, "ಮೆರವಣಿಗಿಗೆ ಬ್ಯಾಂಡ್ ಯಾರಿಗರೆ ಹೇಳ್ಯಾರೇನ್ರೀ?" ಎಂದು ವಿಚಾರಿಸಿ, ಅತ್ತ ಸರಿದು ತನ್ನ ಹುಡುಗರಿಗೆ ಫೋನು ಹಚ್ಚಿದ. ಮಠದ ಭಜನಾ ಮಂಡಳಿಯೂ ತಾಳ ಹಿಡಿದು ಬಂದು ನಿಂತಿತು.

ಸುರ ತುದಿಗೆ ಹೋಯಿತು. ನಿಂತಿತು. ಮೌನ.

ಯಾರೂ ಏಳಲಿಲ್ಲ. ಆದರೆ ಭಜನೆಯವರು ಇದೇ ತಮ್ಮ ಪಾಳಿ ಎಂದು ತಾಳ ಎತ್ತಿದರು. ಅಷ್ಟರಲ್ಲಿ ಬಾಗಿಲಲ್ಲಿ ಹಿಟ್ಟಿನ ಕೈಯೊಂದು ಮೇಲೆ ಹೋಯಿತು. ಶಿವಗಂಗಾಬಾಯಿ.

"ತಡೀರಿ! ಇನ್ನಾ ಮುಗದಿಲ್ಲ."

ತಾಳಗಳು ಗಾಳಿಯಲ್ಲೇ ನಿಂತವು. ರೇವಣಸಿದ್ಧ ಉಸಿರು ತುಂಬಿಕೊಂಡು ಎರಡನೇ ಅರ್ಧಕ್ಕೆ ಇಳಿದ. ಅಂಥ ಸಂತೋಷ ಅವನಿಗೆ ಜನ್ಮದಲ್ಲಿ ಆಗಿರಲಿಲ್ಲ. ಓಣಿಗೆ ಓಣಿಯೇ ಗೊಳೋ ಎನ್ನುತ್ತಿದ್ದರೆ ಅವನೊಬ್ಬನ ಕಣ್ಣಿನಲ್ಲಿ ಮಾತ್ರ ಆನಂದದ ನೀರು. ಸಾವಕಾಶ, ಸಾವಕಾಶ ಕಡೆಯ ಸುರಕ್ಕೆ ಬಂದ. ಅದನ್ನು ಹಿಡಿದಿದ್ದನೋ ಇಲ್ಲವೋ, ಮಾಣಿಕಪ್ಪನ ಮೂಗಿನಿಂದ ಅದಕ್ಕಿಂತ ದಪ್ಪನೆಯ ಗೊರಕೆಯೊಂದು ಹೊರಟಿತು.

"ಜೀವಾ ಅದ! ಜೀವಾ ಅದ!" ಎಂದು ಅನುಸೂಯಾಬಾಯಿ ಚೀರಿದಳು. ಜನ ಎದ್ದರು, ಕೆಲವರು ಓಡಿದರು, ಕಾಯಿ ಉರುಳಿ ಗಟಾರಕ್ಕೆ ಬಿತ್ತು. ಕಡೆಯ ಸುರ ಅರ್ಧಕ್ಕೆ ತುಂಡಾಯಿತು.

ಮಾಮಾ ಕಣ್ಣು ಬಿಟ್ಟು ಜನರನ್ನೆಲ್ಲ ನೋಡಿದ. ಅಧ್ಯಕ್ಷನ ಗತ್ತಿಗೆ ಕುಂದು ಬರಬಾರದಲ್ಲ. "ಭಾಳ ಛಂದ ಊದಿದಿ. ಆದ್ರ ನಡುವ ನಿಲ್ಲಸ್ತೀನಿ ಅಂದಿದ್ದಿ, ನಿಲ್ಲಸಲೇ ಇಲ್ಲಲ್ಲೋ?"

ರೇವಣಸಿದ್ಧನ ಮುಖ ಸಣ್ಣದಾಯಿತು. ಅನುಸೂಯಾಬಾಯಿಯ ಕಡೆ ತಿರುಗಿದ.

"ನಾ ಅಳೂದ್ರಾಗ ಇದ್ದೆ," ಎಂದಳು ಅವಳು. "ಕೇಳ್ಲಿ ಹ್ಯಾಂಗ?"

ಭಜನೆಯವರು ತಮ್ಮ ಪಾಳಿ ಕಾಯುತ್ತಿದ್ದರಂತೆ. ಬಸವಕುಮಾರ ಫೋನಿನಲ್ಲಿದ್ದನಂತೆ. ಇಷ್ಟು ಜನ ಕೂತಿದ್ದರೂ ಕೇಳಿದವನು ಒಬ್ಬನೂ ಇಲ್ಲ. ಶರತ್ತು ಎಂದರೆ ಶರತ್ತು. ರೇವಣಸಿದ್ಧ ಊದಿ ಊದಿ ಕೊಳವೆಯೊಳಗೆ ಕೂಡಿದ್ದ ನೀರು ಚೆಲ್ಲಿ, ಹಿತ್ತಾಳೆಯನ್ನು ಒರೆಸಿ, ಪೆಟ್ಟಿಗೆಯಲ್ಲಿಟ್ಟು ಬಸವಕುಮಾರನ ಮುಂದೆ ಹಿಡಿದ.

"ಕೆಳಗ ಇಡ್ರಿ ಅದನ್ನ," ಎಂದಳು ಶಿವಗಂಗಾಬಾಯಿ. "ಕಡೀ ಸುರಾ ತುಂಡ ಆತು. ದಿನಾ ನೀವು ಆ ಸುರಾ ಹಿಡದು ಬಿಡೂದ್ರಾಗ ಹಂಚಿನ ಮ್ಯಾಲ ನನ್ನ ಒಂದ ರೊಟ್ಟಿ ಪೂರಾ ಉಬ್ಬತದ. ಇವತ್ತ ಅರ್ಧಾ ಉಬ್ಬಿ ಕೂತದ."

ಅವನು ಅವಳನ್ನೇ ನೋಡಿದ. "ನೀ ಕೇಳತಿದ್ದೇನು? ನಾ ಊದಾಕ ಕೂತ ಕೂಡ್ಲೆ ಬಾಗಲಾ ಮುಚ್ಚತಿದ್ದಿ?"

"ರಸ್ತೇದ ಬಾಗಲಾ ಮುಚ್ಚತಿದ್ದೆ. ಗಾಡಿ ಸಪ್ಪಳದಾಗ ಕೇಳ್ತಿರಲಿಲ್ಲ."

"ಮತ್ತ ಆ ಶರತ್ತು ಯಾಕ ಹಾಕಿದಿ?"

ಶಿವಗಂಗಾಬಾಯಿಗೆ ಸಿಟ್ಟು ಬಂತು. ಊರೆಲ್ಲ ನಿಂತಿದೆ ಎಂಬುದನ್ನೂ ಮರೆತಳು. "ಗಣಪತಿ ಮುಂದ ಊದಿದ್ರಿ, ಲಗ್ನದಾಗ ಊದಿದ್ರಿ, ಬೆಲ್ಲಾ ಒಯ್ಯಾಕ ಬಂದವರನ್ನ ಕೂಡಿಸಿ ಊದಿದ್ರಿ. ಸೊಂಟ ಹಿಡದ ಮಾಮಾನ್ನ ಕಂಬಕ್ಕ ಕಟ್ಟಿ ಊದಿದ್ರಿ. ಒಂದ ದಿನರೆ ನನಗ, ಬಾ, ಕೂಡು ಅಂದೀರೇನು?"

ರೇವಣಸಿದ್ಧ ಮಣೆಯ ಪಕ್ಕದ ಜಾಗವನ್ನು ಕೈಯಿಂದ ಒರೆಸಿ, ನೆಲ ತೋರಿಸಿದ. ಅವಳು ಹಿಟ್ಟಿನ ಕೈಯನ್ನು ಸೆರಗಿಗೆ ಒರೆಸಿಕೊಂಡು ಕೂತಳು. ಅವನು ಪೆಟ್ಟಿಗೆ ತೆಗೆದು ಮತ್ತೆ ತಳದ ಸುರದಿಂದ ಹಿಡಿದ. ಬಸವಕುಮಾರ ನಡುವಿನ ಮೌನದಲ್ಲಿ ಮೋಟರ್ ಸೈಕಲ್ಲು ಚಾಲೂ ಮಾಡಿ ಹೋದ, ಓಣಿಯವರೂ ಒಬ್ಬೊಬ್ಬರಾಗಿ ಎದ್ದು ಹೋದರು. ಶಿವಗಂಗಾಬಾಯಿ ಏಳಲಿಲ್ಲ. ಮಾಣಿಕಪ್ಪ ಮಾಮಾನೂ ಏಳಲಿಲ್ಲ, ಅವನನ್ನು ಇನ್ನೂ ಯಾರೂ ಬಿಚ್ಚಿರಲಿಲ್ಲ.