ಉದ್ದ ಪಿಸ್ತೂಲಿನ ಒರೆ

ಸಿಡ್ನಿಯ ಟೂಂಗಾಬಿ ಸ್ಟೇಷನ್ನಿನ ಹತ್ತಿರ ಜಯಲಕ್ಷ್ಮಿಯ ಹೊಲಿಗೆ ಅಂಗಡಿ. ಹದಿನೇಳು ವರ್ಷಗಳಿಂದ ಅಲ್ಲಿ ಕೂತು ರವಿಕೆ ಹೊಲಿದಿದ್ದಾಳೆ, ಪ್ಯಾಂಟು ಗಿಡ್ಡ ಮಾಡಿದ್ದಾಳೆ, ಮದುವೆಗೆ ಎರಡು ದಿನ ಇರುವಾಗ ಅಳುತ್ತ ಬಂದ ಹುಡುಗಿಯರ ಲೆಹಂಗಾ ಅಗಲ ಮಾಡಿ ಕೊಟ್ಟಿದ್ದಾಳೆ. ಪಿಸ್ತೂಲಿಗೂ ಉಡುಪು ಹೊಲಿಯುವ ಕಾಲ ಬರುತ್ತದೆಂದು ಮಾತ್ರ ಅಂದುಕೊಂಡಿರಲಿಲ್ಲ.

ಅದನ್ನು ತಂದವಳು ಕೆಲ್ಲಿವಿಲ್‌ನ ಇಂಚರಾ. ಚಿಕ್ಕವಳಿದ್ದಾಗ ಭರತನಾಟ್ಯದ ಉಡುಪಿಗೆ ಅಳತೆ ಕೊಡಲು ಬರುತ್ತಿದ್ದವಳು ಈಗ ಸಿನಿಮಾ ಕಂಪನಿಯೊಂದರ ಉಡುಪಿನ ವಿಭಾಗದಲ್ಲಿದ್ದಳು. ಮೇಜಿನ ಮೇಲೆ ಅವಳು ಇಟ್ಟದ್ದು ಗುರಿಯಾಟದ ಪಿಸ್ತೂಲಿನ ರಬ್ಬರ್ ಅಚ್ಚು, ಶೂಟಿಂಗಿಗೆಂದು ಮಾಡಿದ ನಕಲು. ತುದಿಗೆ ಸೈಲೆನ್ಸರಿನ ದಪ್ಪ ಕೊಳವೆ. ಒಟ್ಟು ಒಂದೂವರೆ ಗೇಣಿಗಿಂತ ಉದ್ದ.

"ಇದಕ್ಕೊಂದು ಹೋಲ್‌ಸ್ಟರ್ ಬೇಕು ಆಂಟಿ. ಹೀರೋ ಸೊಂಟಕ್ಕೆ ಕಟ್ಟಬೇಕು, ಲೆದರ್‌ದು. ಎಲ್ಲ ಕಡೆ ಹುಡುಕಿದೆ, ಸಿಗಲಿಲ್ಲ."

"ಅಂಗಡೀಲಿ ಬೇಕಾದಷ್ಟು ಇರಬೇಕಲ್ಲ."

"ಬರೀ ಪಿಸ್ಟಲ್‌ಗೆ ಇದೆ. ಸೈಲೆನ್ಸರ್ ಇಲ್ಲಿ ಯಾರೂ ಇಟ್ಕೊಳ್ಳೋ ಹಾಗಿಲ್ಲ, ಇಲ್ಲೀಗಲ್. ಇಲ್ಲದ್ದಕ್ಕೆ ಯಾರು ಕವರ್ ಮಾಡ್ತಾರೆ?" ಇಂಚರಾ ಸ್ವಲ್ಪ ತಡೆದು ಹೇಳಿದಳು. "ಇದು ಚೆನ್ನಾಗಿ ಬಂದರೆ ಇಡೀ ಫಿಲ್ಮಿನ ಲೆದರ್ ಕೆಲಸ ನಿಮಗೇ. ಕೊನೇಲಿ ನಿಮ್ಮ ಹೆಸರೂ ಬರುತ್ತೆ. ಡೈರೆಕ್ಟರ್ ಮೆಲ್ಬರ್ನ್‌ನ ಭಾಗೀರಥಿ ಆಂಟೀನ ಕೇಳು ಅಂದರು. ನಾನೇ, ಮೊದಲು ಜಯಾ ಆಂಟಿ ನೋಡಲಿ ಅಂದೆ."

ಭಾಗೀರಥಿ ಎಂಬ ಹೆಸರು ಬಂದದ್ದೇ ತಡ, "ಮಾಡ್ತೀನಿ, ಇಟ್ಟು ಹೋಗು" ಎಂದುಬಿಟ್ಟಳು ಜಯಲಕ್ಷ್ಮಿ. ಚರ್ಮದ ಕೆಲಸವೆಂದು ಅವಳು ಮಾಡಿದ್ದು ಅಷ್ಟರವರೆಗೆ ಜಾಕೀಟಿನ ಜಿಪ್ಪು ಬದಲಾಯಿಸಿದ್ದು, ಅಷ್ಟೆ.

ಭಾಗೀರಥಿ ಈ ಅಂಗಡಿಯಲ್ಲೇ ಕೆಲಸ ಕಲಿತವಳು. ಬಂದಾಗ ಮಷೀನಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ. ಕೊಕ್ಕೆ ಹಾಕಿಸಿ, ಹೆಮ್ಮಿಂಗ್ ಮಾಡಿಸಿ, ಕೊನೆಗೆ ಕತ್ತರಿ ಕೈಗೆ ಕೊಟ್ಟವಳು ಜಯಲಕ್ಷ್ಮಿಯೇ. ಗಂಡನಿಗೆ ಮೆಲ್ಬರ್ನ್‌ಗೆ ವರ್ಗವಾಗಿ ಹೋದಮೇಲೆ ಅಲ್ಲಿ ಯಾವುದೋ ತರಗತಿಗೆ ಸೇರಿ ಚರ್ಮದ ಕೆಲಸ ಕಲಿತಳು, ಸಿನಿಮಾದವರ ಕಣ್ಣಿಗೆ ಬಿದ್ದಳು. ಕನ್ನಡ ಸಂಘದವರು ರಾಜ್ಯೋತ್ಸವಕ್ಕೆ ಅವಳನ್ನು ಸಿಡ್ನಿಗೆ ಕರೆಸಿ ಶಾಲು ಹೊದಿಸಿದರು. ಅವಳಾದರೂ ಸುಮ್ಮನೆ ಇಳಿದು ಹೋಗಬಾರದೆ? "ನನಗೆ ಸೂಜಿ ಹಿಡಿಯೋದು ಕಲಿಸಿದ್ದು ಜಯಕ್ಕ" ಎಂದು ಮೈಕಿನಲ್ಲಿ ಹೇಳಿದಳು. ಸಭೆಯೆಲ್ಲ ಹಿಂತಿರುಗಿ ಜಯಲಕ್ಷ್ಮಿಗೆ ಚಪ್ಪಾಳೆ ತಟ್ಟಿತು. ಬೈದಿದ್ದರೆ ಎರಡು ದಿನಕ್ಕೆ ಮರೆಯುತ್ತಿದ್ದಳು. ಆ ಚಪ್ಪಾಳೆ ನಾಲ್ಕು ವರ್ಷವಾದರೂ ಎದೆಯಲ್ಲಿ ಉರಿಯುತ್ತಿತ್ತು. ಭಾಗೀರಥಿ ಮೆಲ್ಬರ್ನ್‌ನ ಟಾರ್ನೀಟ್‌ನಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶಕ್ಕೆ ಕರೆದಾಗ ಮಂಡಿನೋವೆಂದು ಹೇಳಿ ತಪ್ಪಿಸಿಕೊಂಡಿದ್ದಳು.

ಒಂದು ವಾರ ಅಚ್ಚನ್ನು ಹಿಂದೆ ಮುಂದೆ ತಿರುಗಿಸಿ ನೋಡಿದಳು. ಹಳೆಯ ಪರದೆ ಬಟ್ಟೆಯಲ್ಲಿ ಮೂರು ಮಾದರಿ ಹೊಲಿದಳು. ಹಿಡಿಗೆ ಸರಿಯಾದರೆ ಕೊಳವೆಗೆ ಬಿಗಿ, ಕೊಳವೆಗೆ ಸರಿಯಾದರೆ ಪಿಸ್ತೂಲೇ ಜಾರಿ ಕೆಳಗೆ. ಎಂಟನೆಯ ದಿನ ಗಂಡ ದಿವಾಕರನಿಗೆ, "ಶನಿವಾರ ಭಾಗಿ ಮನೆಗೆ ಹೋಗಿಬರ್ತೀನಿ, ಗೃಹಪ್ರವೇಶಕ್ಕೆ ಅವಳಿಗೆ ಕೊಡಬೇಕಿದ್ದ ಸೀರೆ ಹಾಗೇ ಉಳಿದಿದೆ" ಎಂದಳು.

"ಮಂಡಿನೋವು?"

"ಈಗ ವಾಸಿ."

"ಮಂಡಿಗೆ ಮೆಲ್ಬರ್ನ್ ಗಾಳಿ ಒಳ್ಳೇದು ಅಂತ ನಂಗೆ ಗೊತ್ತೇ ಇರಲಿಲ್ಲ," ಎಂದು ದಿವಾಕರ ಟಿಕೆಟ್ ಬುಕ್ ಮಾಡಿಕೊಟ್ಟ.

ಭಾಗೀರಥಿ ಏರ್‌ಪೋರ್ಟಿಗೇ ಬಂದಿದ್ದಳು. ಮನೆ ತೋರಿಸಿದಳು, ಸೀರೆಯನ್ನು ಕಣ್ಣಿಗೊತ್ತಿಕೊಂಡಳು, ಬಿಸಿಬೇಳೆಬಾತ್ ಬಡಿಸಿದಳು. ಜಯಲಕ್ಷ್ಮಿಗೆ ಯಾವುದೂ ರುಚಿಸಲಿಲ್ಲ. ಊಟವಾದಮೇಲೆ ಭಾಗೀರಥಿ ಅವಳನ್ನು ಗ್ಯಾರೇಜಿನಲ್ಲಿದ್ದ ವರ್ಕ್‌ಶಾಪಿಗೆ ಕರೆದುಕೊಂಡು ಹೋದಳು. ಗೋಡೆಯ ತುಂಬ ಬೆಲ್ಟು, ಚೀಲ, ಕುದುರೆಯ ಪಟ್ಟಿ. ಮೂಲೆಯ ಮೊಳೆಗೊಂದು ಉದ್ದನೆಯ ಒರೆ ನೇತಾಡುತ್ತಿತ್ತು. ತಳ ತೆರೆದಿತ್ತು, ಕೊಳವೆ ಹೊರಗೆ ಇಳಿಯುವಷ್ಟು. ಜಯಲಕ್ಷ್ಮಿ ಕಣ್ಣಲ್ಲೇ ಅಳೆದಳು. ಒಂದೂವರೆ ಗೇಣು.

"ಇದು ಯಾತಕ್ಕೆ ಮಾಡಿದ್ದು?" ಎಂದು ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಆದರೆ ತಾನು ಕಲಿಸಿದವಳ ಮುಂದೆ ನಿಂತು ಕಲಿಸು ಎನ್ನುವುದು ಹೇಗೆ?

"ಕಾಫಿ ಮಾಡ್ತೀನಿ ಅಕ್ಕ, ನೋಡ್ತಾ ಇರಿ," ಎಂದು ಭಾಗೀರಥಿ ಒಳಗೆ ಹೋದಳು. ಜಯಲಕ್ಷ್ಮಿ ಒರೆಯನ್ನು ಮೊಳೆಯಿಂದ ಇಳಿಸಿದಳು. ಸೀರೆ ಸುತ್ತಿ ತಂದಿದ್ದ ಕಾಗದವನ್ನು ಅದಕ್ಕೆ ಒತ್ತಿ, ಹೊಲಿಗೆಯ ಗುಂಟ ಉಗುರಿನಿಂದ ಗೀರು ಎಳೆದಳು. ಅಳತೆ ರವಿಕೆ ಬಿಚ್ಚದೆಯೇ ಅದರ ನಕ್ಷೆ ತೆಗೆಯುವ ಕೈ ಅದು. ಹಾಲು ಕಾಯುವಷ್ಟರಲ್ಲಿ ಕಾಗದ ಮಡಚಿ ವ್ಯಾನಿಟಿ ಬ್ಯಾಗು ಸೇರಿತ್ತು. ಕಾಫಿಗೆ ಎರಡು ಸಲ ಸಕ್ಕರೆ ಹಾಕಿಕೊಂಡಳು. ಭಾಗೀರಥಿ ಅದನ್ನು ನೋಡಿ, "ಸುಸ್ತಾಗಿದೀರ" ಎಂದಳು.

ಸಿಡ್ನಿಗೆ ಬಂದವಳೇ ತಂದಿಟ್ಟಿದ್ದ ಒಂದೇ ಒಂದು ಚರ್ಮದ ತುಂಡಿನ ಮೇಲೆ ಕಾಗದ ಹರಡಿ ಕತ್ತರಿಸಿದಳು, ದಪ್ಪ ಸೂಜಿಯಲ್ಲಿ ಹೊಲಿದಳು. ಪಿಸ್ತೂಲು ಒಳಗೆ ಇಳಿದು ಗಟ್ಟಿಯಾಗಿ ಕೂತಿತು. ಅವತ್ತು ರಾತ್ರಿ ಎರಡು ಚಪಾತಿ ಹೆಚ್ಚಿಗೆ ತಿಂದಳು.

ಗುರುವಾರ ಇಂಚರಾ ಬಂದು ತನ್ನ ಬೆಲ್ಟಿಗೇ ಅದನ್ನು ಸಿಕ್ಕಿಸಿ, ಬಲಗೈ ಇಳಿಬಿಟ್ಟು, ಹಿಡಿಗಾಗಿ ತಡಕಾಡಿದಳು.

"ಆಂಟಿ, ಇಟ್ಸ್ ಬ್ಯಾಕ್‌ವರ್ಡ್ಸ್."

ಹಿಂದಕ್ಕೆ ಇರಬೇಕಾದ ಹಿಡಿ ಮುಂದಕ್ಕೆ ಇತ್ತು. ಜಯಲಕ್ಷ್ಮಿಗೆ ತನ್ನ ತಪ್ಪು ತಕ್ಷಣ ಹೊಳೆಯಿತು. ರವಿಕೆ ಬಟ್ಟೆಯನ್ನು ಮಡಚಿ ಕತ್ತರಿಸುತ್ತಾರೆ, ಎಡ ಬಲ ಎರಡೂ ಒಟ್ಟಿಗೆ ಬರುತ್ತವೆ. ಊರಲ್ಲೂ ಇಲ್ಲೂ ಸೇರಿ ಮೂವತ್ತು ವರ್ಷ ಹಾಗೆ ಕತ್ತರಿಸಿದವಳಿಗೆ ಇದು ಯಾವ ಮಗ್ಗುಲು ಎಂದು ಕೇಳಿಕೊಳ್ಳುವ ಅಭ್ಯಾಸವೇ ಇರಲಿಲ್ಲ. ಚರ್ಮ ಒಂಟಿ ಪದರ. ಒಳಗಿನದನ್ನು ಹೊರಗೆ ಮಾಡಿ ಬಚಾವಾಗುವಂತಿಲ್ಲ.

"ಮಂಡೇ ಶೂಟಿಂಗ್," ಎಂದಳು ಇಂಚರಾ, ನೋಯಿಸದ ದನಿಯಲ್ಲಿ. "ಭಾಗೀರಥಿ ಆಂಟಿಗೆ ಫೋನ್ ಮಾಡ್ಲಾ?"

"ಬೇಡ. ಭಾನುವಾರ ಬಾ."

ಅವಳು ಹೋದಮೇಲೆ ಅಂಗಡಿಯ ಬಾಗಿಲಿಗೆ 'ಮುಚ್ಚಿದೆ' ಹಲಗೆ ತಿರುಗಿಸಿ ಫೋನ್ ತಾನೇ ಮಾಡಿದಳು. ಇಂಚರಾ ಮಾಡಿದರೆ ಕೆಲಸ ಮೆಲ್ಬರ್ನಿಗೆ ಹೋಗುತ್ತಿತ್ತು. ತಾನು ಮಾಡಿದರೆ ಮಾನ ಮಾತ್ರ ಹೋಗುತ್ತದೆ. ಯಾವುದು ಅಗ್ಗ ಎಂದು ಅವಳಿಗೆ ಗೊತ್ತಿತ್ತು.

"ಭಾಗಿ, ಒಂದು ಒರೆ ಹೊಲೀತಿದೀನಿ. ಉಲ್ಟಾ ಬಂತು."

"ಬಂದೇ ಬರುತ್ತೆ," ಎಂದಳು ಭಾಗೀರಥಿ. "ನನ್ನ ಗೋಡೆ ಮೇಲಿದ್ದದ್ದು ಎಡಗೈ ಆಕ್ಟರ್‌ದು."

ಜಯಲಕ್ಷ್ಮಿ ಉಲ್ಟಾ ಒರೆಯನ್ನು ಮೇಜಿನ ಡ್ರಾಯರಿಗೆ ತಳ್ಳಿದಳು.

"ಮೊಳೆಗೆ ಹಿಂದು ಮುಂದಾಗಿ ನೇತು ಹಾಕಿ ಹೋಗಿದ್ರಿ ಅಕ್ಕ. ಅವತ್ತಿಂದ ಕಾಯ್ತಿದೀನಿ, ಯಾವಾಗ ಫೋನ್ ಬರುತ್ತೆ ಅಂತ."

"ಬೈಯೋದಿದ್ರೆ ಬೈದುಬಿಡು."

"ಬೈದ್ರೆ ಲೆದರ್ ಬೆಳೆಯುತ್ತಾ? ಎಕ್ಸ್‌ಪ್ರೆಸ್‌ನಲ್ಲಿ ಒಂದು ತುಂಡು ಕಳಿಸ್ತೀನಿ. ಈ ಸಲ ಕತ್ತರಿ ಹಾಕೋ ಮುಂಚೆ ವಿಡಿಯೋ ಕಾಲ್ ಮಾಡಿ."

ಶುಕ್ರವಾರ ಮಧ್ಯಾಹ್ನ ಪಾರ್ಸೆಲ್ ಬಂತು. ಶನಿವಾರವೆಲ್ಲ ಫೋನನ್ನು ದಾರದ ಉಂಡೆಗೆ ಒರಗಿಸಿಟ್ಟು ಜಯಲಕ್ಷ್ಮಿ ಕೆಲಸ ಮಾಡಿದಳು. ಚರ್ಮ ನೆನೆಸಬೇಕು. ಪಿಸ್ತೂಲಿಗೆ ಅಡುಗೆಮನೆಯ ಪ್ಲಾಸ್ಟಿಕ್ ಹಾಳೆ ಸುತ್ತಬೇಕು. ಮೇಲ್ಗಡೆ ಗುರಿ ನೋಡುವ ಮೂಗು ಸಿಕ್ಕಿಕೊಳ್ಳದ ಹಾಗೆ ಅದರುದ್ದಕ್ಕೂ ಒಂದು ಪೆನ್ಸಿಲ್ ಇಟ್ಟು, ಹೆಬ್ಬೆರಳಿನಿಂದ ಒತ್ತಿ ಒತ್ತಿ ಆಕಾರ ಕೂರಿಸಬೇಕು. "ಇನ್ನೂ ಒತ್ತಿ ಅಕ್ಕ, ಅದೇನು ರೇಷ್ಮೆ ಅಲ್ಲ," ಎನ್ನುತ್ತಿದ್ದಳು ಭಾಗೀರಥಿ. ಎಷ್ಟು ಸೊಗಸಾಗಿ ಕಲಿಸುತ್ತಾಳೆ ಎಂದು ಜಯಲಕ್ಷ್ಮಿಗೆ ಅನ್ನಿಸಿತು. ತಾನು ಕಲಿಸುವಾಗ ಇಷ್ಟು ತಾಳ್ಮೆ ಇರಲಿಲ್ಲ. ಆ ಯೋಚನೆಯೂ ಚುಚ್ಚಿತು.

ಭಾನುವಾರ ಇಂಚರಾ ಒರೆ ಕಟ್ಟಿಕೊಂಡು ನಡೆದಳು, ಕೂತಳು, ಪಿಸ್ತೂಲು ಎಳೆದಳು. ಸಿಕ್ಕಲಿಲ್ಲ, ಜಾರಲಿಲ್ಲ. "ಸೂಪರ್ ಆಂಟಿ. ಕ್ರೆಡಿಟ್‌ಗೆ ಹೆಸರು ಹೇಗೆ ಹಾಕಲಿ?"

"ಜಯಲಕ್ಷ್ಮಿ ದಿವಾಕರ."

ಇಂಚರಾ ಫೋನಿನಲ್ಲಿ ಬರೆದುಕೊಂಡಳು. ಬಾಗಿಲು ದಾಟಿ, ಫುಟ್‌ಪಾತಿನಲ್ಲಿ ಕಾರಿನ ತನಕ ಹೋದಳು. ಜಯಲಕ್ಷ್ಮಿ ಕೊರಳಲ್ಲಿದ್ದ ಟೇಪು ಸಮೇತ ಹಿಂದೆಯೇ ಓಡಿದಳು.

"ಇನ್ನೊಂದು ಹೆಸರು ಸೇರಿಸು. ಭಾಗೀರಥಿ. ನನ್ನ ಹೆಸರಿನ ಕೆಳಗೆ."

"ಬಟ್ ಆಂಟಿ, ಮಾಡಿದ್ದು ನೀವಲ್ವಾ?"

"ಹೇಳಿದಷ್ಟು ಬರಿ."

ಒಳಗೆ ಬಂದು ಭಾಗೀರಥಿಗೆ ಸುದ್ದಿ ಹೇಳಿದಳು. "ಎರಡೂ ಹೆಸರು ಹಾಕಿಸಿದೀನಿ ಕಣೆ. ಈ ಫಿಲ್ಮಿನ ಕೆಲಸ ಪೂರ್ತಿ ಇಬ್ಬರೂ ಸೇರಿ ಮಾಡೋಣ."

"ಅಯ್ಯೋ, ನಂದು ಯಾಕೆ ಅಕ್ಕ," ಎಂದಳು ಭಾಗೀರಥಿ. ಒಂದು ಕ್ಷಣ ಬಿಟ್ಟು, ಸುಮ್ಮನೆ ಕೇಳಿದ ಹಾಗೆ, "ಮೇಲೆ ಯಾರದು?"

"ನಂದು."

"ಹ್ಞೂಂ. ಸರಿ ಬಿಡಿ. ದೊಡ್ಡವರು ನೀವು."

ಆಮೇಲೆ ಆ ಕಡೆಯಿಂದ ಮಾತು ಬರಲಿಲ್ಲ. ಅದು ಎಂಥ ಮೌನವೆಂದು ಜಯಲಕ್ಷ್ಮಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ವರ್ಷ ತಾನು ಹೊತ್ತು ತಿರುಗಿದ್ದೂ ಅದನ್ನೇ. ಈಗ ಅದರಲ್ಲಿ ಅರ್ಧ ಭಾರ ಮೆಲ್ಬರ್ನಿಗೆ ಹೋದಂತಾಗಿ ಅವಳ ಹೆಗಲು ಹಗುರಾಯಿತು. ಹಗುರಾದಮೇಲೆ ಪಾಪ ಎಂದೂ ಅನ್ನಿಸಿತು.

"ಮುಂದಿನ ಫಿಲ್ಮಿಗೆ ನಿಂದು ಮೇಲೆ ಇರಲಿ," ಎಂದಳು. "ಈಗ ಹೇಳು, ಬೆಲ್ಟಿನ ತೂತಿಗೆ ಎಷ್ಟು ಜಾಗ ಬಿಡಬೇಕು?"