ಹಳದಿ ಚೌಕ

ಅಮ್ಮ ತನ್ನ ಇಬ್ಬರು ಮಕ್ಕಳನ್ನು ಹೆಸರು ಹಿಡಿದು ಕರೆದದ್ದು ಕಡಿಮೆ. ಒಬ್ಬ ದೊಡ್ಡವನು, ಇನ್ನೊಬ್ಬ ಚಿಕ್ಕವನು. ನಡುವೆ ಹದಿನಾಲ್ಕೇ ತಿಂಗಳ ಅಂತರ, ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂಥ ಮುಖಗಳು. ಶಾಲೆಗೆ ಕಳಿಸುವಾಗ ಗುರುತಿಗಿರಲಿ ಎಂದು ದೊಡ್ಡವನಿಗೆ ಎಡಕ್ಕೆ, ಚಿಕ್ಕವನಿಗೆ ಬಲಕ್ಕೆ ಬೈತಲೆ ತೆಗೆದು ಬಾಚುತ್ತಿದ್ದಳು. ನಲವತ್ತು ದಾಟಿದರೂ ಇಬ್ಬರೂ ಅದನ್ನು ಬದಲಿಸಲಿಲ್ಲ. ನಾಲ್ಕು ವರ್ಷ ಅಣ್ಣತಮ್ಮಂದಿರ ನಡುವೆ ಮಾತು ನಿಂತಾಗಲೂ ಬೈತಲೆ ಮಾತ್ರ ಅಮ್ಮ ಎಳೆದ ಗೆರೆಯಲ್ಲೇ ಇತ್ತು.

ಚಿಕ್ಕವನು ಸತ್ತ ಐದನೇ ತಿಂಗಳಿಗೆ ಅವನ ಬಾಡಿಗೆ ಮನೆಯ ಯಜಮಾನ ಒಂದು ರಟ್ಟಿನ ಪೆಟ್ಟಿಗೆ ತಂದುಕೊಟ್ಟ. ಬೇರೆ ಊರಿನಲ್ಲಿ ಸೇತುವೆಗಳ ಬಿರುಕು ಪರೀಕ್ಷಿಸುವ ಕೆಲಸ ಚಿಕ್ಕವನದು. ಮದುವೆಯಾಗಿರಲಿಲ್ಲ. ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದವನು ಹೃದಯ ನಿಂತು ಅಲ್ಲೇ ಕುಸಿದಿದ್ದ. ಪೆಟ್ಟಿಗೆಯಲ್ಲಿದ್ದದ್ದು ಎರಡು ಸ್ವೆಟರು, ಒಂದು ಅಳತೆ ಟೇಪು, ಒಂದು ಡಿಜಿಟಲ್ ಕ್ಯಾಮೆರಾ. ದೊಡ್ಡವನು ಮೊದಲು ಕ್ಯಾಮೆರಾದ ಕಾರ್ಡಿನ ಕಿಂಡಿ ತೆರೆದು ನೋಡಿದ. ಖಾಲಿ. ತಮ್ಮ ಎರಡು ವರ್ಷ ಏನೇನು ನೋಡಿದನೋ, ಒಂದು ಚಿತ್ರವೂ ಉಳಿದಿರಲಿಲ್ಲ. ಎರಡು ವರ್ಷ ಅನ್ನುವುದು ಕ್ಯಾಮೆರಾ ಚೀಲದೊಳಗಿನ ಬಿಲ್ಲಿನ ತಾರೀಖಿನಿಂದ ತಿಳಿಯಿತು. ಅಂದರೆ ಜಗಳವಾದ ಎಷ್ಟೋ ದಿನಗಳ ಮೇಲೆ ಕೊಂಡ ಕ್ಯಾಮೆರಾ.

ಜಗಳ ಎಂದರೆ ಕೂಗಾಟವಲ್ಲ. ದೊಡ್ಡವನು ಆಸ್ಪತ್ರೆಯ ಲ್ಯಾಬಿನಲ್ಲಿ ಟೆಕ್ನಿಷಿಯನ್, ಇಪ್ಪತ್ತು ವರ್ಷದಿಂದ ಮೈಕ್ರೋಸ್ಕೋಪಿಗೆ ಕಣ್ಣು ಕೊಟ್ಟವನು. ಅಪ್ಪನ ರಕ್ತದ ಸ್ಲೈಡನ್ನು ಎಲ್ಲರಿಗಿಂತ ಮೊದಲು ನೋಡಿದವನೂ ಅವನೇ. ಇರಬಾರದ ಕೋಶಗಳು ಅಲ್ಲಿ ಇರಬಾರದಷ್ಟು ಇದ್ದವು. ಡಾಕ್ಟರಿಗೆ ಹೇಳಿದ, ಮನೆಯಲ್ಲಿ ಬಾಯಿ ಬಿಡಲಿಲ್ಲ. ಇರುವಷ್ಟು ದಿನ ಎಲ್ಲರೂ ನೆಮ್ಮದಿಯಾಗಿರಲಿ ಅಂದುಕೊಂಡ. ಅಪ್ಪ ಮೂರೇ ವಾರಕ್ಕೆ ಹೋದ. ಚಿಕ್ಕವನು ಬಂದು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು.

“ನೋಡಿದ್ದೆ ನೀನು. ಹೇಳಲಿಲ್ಲ,” ಅಂದ ಚಿಕ್ಕವನು. ಅಷ್ಟೇ. ಆಮೇಲೆ ಮಾತೇ ಇಲ್ಲ.

ಸತ್ತವನ ಕ್ಯಾಮೆರಾವನ್ನು ಏನು ಮಾಡುವುದು? ಮಾರಲು ಮನಸ್ಸಿಲ್ಲ, ಬೀರುವಿನಲ್ಲಿ ಕೊಳೆಯಲು ಬಿಡುವುದೂ ಆಗದು. ದೊಡ್ಡವನು ಕಲಿಯಲು ಹೊರಟ. ಬಸ್ ನಿಲ್ದಾಣದ ಹಿಂದಿನ ಹಳೇ ಸ್ಟುಡಿಯೋದ ಮಹಡಿಯಲ್ಲಿ ಭಾನುವಾರ ಬೆಳಿಗ್ಗೆ ತರಗತಿ. ಕಲಿಸುವವರು ಅರವತ್ತೆಂಟರ ಫ್ಲ್ಯಾಶ್ ಮಾಮ. ಮಾತಾಡುವಾಗ ಎರಡು ವಾಕ್ಯಕ್ಕೊಮ್ಮೆ ಕಣ್ಣು ಮಿಟುಕಿಸುತ್ತಿದ್ದುದರಿಂದ ಬಂದ ಹೆಸರು.

“ಲ್ಯಾಬ್ ರಾಯರೇ, ಇಲ್ಲಿ ರಿಪೋರ್ಟ್ ಬರೀಬೇಡಿ, ನೋಡಿ!” ಎಂದು ಮೊದಲ ದಿನವೇ ಅವರು ಅವನ ನೋಟ್‌ಪುಸ್ತಕ ಮುಚ್ಚಿಸಿದರು. ದೊಡ್ಡವನು ಅವರು ಆಚೆ ತಿರುಗಿದಾಗ ಮತ್ತೆ ತೆರೆದು ಬರೆದುಕೊಂಡ: ಲೆನ್ಸಿನ ಕಣ್ಣು ಹೆಚ್ಚು ತೆರೆದರೆ ಹೆಚ್ಚು ಬೆಳಕು, ಕಡಿಮೆ ಆಳ. ಒಂದು ಚೂಪಾದರೆ ಅದರ ಹಿಂದುಮುಂದಿನದು ಮಂಜು. ಪರದೆಯ ಮೇಲಿನ ಹಳದಿ ಚೌಕ ಯಾರ ಮುಖದ ಮೇಲೆ ನಿಲ್ಲುತ್ತದೋ ಆ ಮುಖವೇ ಚೂಪು.

“ಮನೆಯವರ ಮುಖ ತೆಗೆದು ತನ್ನಿ,” ಅಂದರು ಮಾಮ. “ಕಣ್ಣು ಚೂಪಾಗಿರ್ಬೇಕು. ಮೂಗು ಹಾಳಾಗಿಹೋಗ್ಲಿ.”

ಆ ಮಧ್ಯಾಹ್ನ ಅಮ್ಮನನ್ನು ನಡುಮನೆಯ ಬೆತ್ತದ ಕುರ್ಚಿಯಲ್ಲಿ ಕೂರಿಸಿದ. ಹಿಂದೆ ಗಾಜಿನ ಬಾಗಿಲಿನ ಬೀರು. ಪರದೆ ಹತ್ತಿರದಿಂದ ನೋಡಲು ಕನ್ನಡಕ ತೆಗೆದಿಟ್ಟು, ಹೊಸಬರೆಲ್ಲ ಹಿಡಿಯುವಂತೆ ಕ್ಯಾಮೆರಾವನ್ನು ಎದೆಯ ಹತ್ತಿರ ಹಿಡಿದು, ಪರದೆ ಮೇಲಕ್ಕೆ ವಾಲಿಸಿಕೊಂಡು, “ಅಮ್ಮ, ಇಲ್ಲಿ ನೋಡು,” ಎಂದು ತಲೆ ಎತ್ತಿದ. ಹಳದಿ ಚೌಕ ಅಮ್ಮನ ಮುಖದ ಮೇಲೆ ಒಂದು ಗಳಿಗೆ ನಿಂತಿತು. ಮರುಗಳಿಗೆಗೆ ಅವಳ ತಲೆಯ ಮೇಲಕ್ಕೆ ಹಾರಿತು. ಕ್ಲಿಕ್.

ಚಿತ್ರದಲ್ಲಿ ಅಮ್ಮ ಹಬೆಯಂತೆ ಕರಗಿದ್ದಳು. ಅವಳ ತಲೆಯ ಮೇಲೆ, ಗಾಜಿನೊಳಗೆ, ಒಂದು ಮುಖ ರೆಪ್ಪೆಯ ಕೂದಲು ಎಣಿಸುವಷ್ಟು ಚೂಪಾಗಿ ನಿಂತಿತ್ತು. ಕ್ಯಾಮೆರಾ ಹಿಡಿದ ಕೈಗಳು ಅಮ್ಮನ ಹಿಂದೆ ಮರೆಯಾಗಿ ಬರಿಯ ಮುಖ.

ತನ್ನದೇ ಪ್ರತಿಬಿಂಬ. ದೊಡ್ಡವನಿಗೆ ಅದು ನೋಡಿದ ಕೂಡಲೇ ತಿಳಿಯಿತು. “ಥೂ, ಕೆಟ್ಟುಹೋಯ್ತು” ಅನ್ನಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಅಮ್ಮ ಕ್ಯಾಮೆರಾವನ್ನು ಕಣ್ಣಿನ ಹತ್ತಿರ ತಂದುಕೊಂಡಳು.

“ಚಿಕ್ಕವನು!”

“ಅಮ್ಮ, ಅದು—”

“ಬಲಕ್ಕೆ ಬೈತಲೆ. ನಾನೇ ತೆಗೆದದ್ದು ಕಣೋ. ನನಗೆ ಗೊತ್ತಾಗಲ್ವಾ?”

ಗಾಜು ಎಡವನ್ನು ಬಲ ಮಾಡುತ್ತದೆ. ಆರನೇ ಕ್ಲಾಸಿನ ಪಾಠ. ಹೇಳಲು ಒಂದೇ ವಾಕ್ಯ ಸಾಕಿತ್ತು. ಆದರೆ ಅಮ್ಮನ ಬೆರಳು ಪರದೆಯ ಮೇಲಿನ ಆ ಗೆರೆಯನ್ನು ಸವರುತ್ತಿತ್ತು. ಅಂದು ಅವಳು ಐದು ತಿಂಗಳಲ್ಲಿ ಮೊದಲ ಸಲ ಮತ್ತೊಮ್ಮೆ ಬಡಿಸಿಕೊಂಡು ಉಂಡಳು. ದೊಡ್ಡವನು ಆ ಚಿತ್ರವನ್ನು ಅಳಿಸದೆ ಇಟ್ಟುಕೊಂಡ.

ಆಮೇಲೆ ಪ್ರತಿ ಭಾನುವಾರ ಅಮ್ಮ ತಾನಾಗಿಯೇ ಸೀರೆ ಬದಲಿಸಿ ಆ ಕುರ್ಚಿಯಲ್ಲಿ ಕೂರತೊಡಗಿದಳು. “ತೆಗಿ. ಬರ್ತಾನೆ.” ಪ್ರತಿ ಸಲವೂ ಚೌಕ ಹಾರಿತು, ಪ್ರತಿ ಸಲವೂ ಬಲಕ್ಕೆ ಬೈತಲೆಯ ಮುಖ ಬಂತು. ವಾರದ ಉಳಿದ ದಿನ ಅಮ್ಮ ಬೀರುವಿನ ಮುಂದೆ ನಿಂತು ತಗ್ಗಿದ ದನಿಯಲ್ಲಿ ಏನೋ ಕೇಳುವುದು, ಕಾಯುವುದು, ಮತ್ತೆ ಕೇಳುವುದು.

“ಅತ್ತೆ ಬೀರು ಜೊತೆ ಮಾತಾಡ್ತಿದ್ದಾರೆ,” ಅಂದಳು ಹೆಂಡತಿ. “ನೀವು ಹೇಳ್ತೀರೋ, ನಾನು ಹೇಳ್ಲೋ?”

“ಇರ್ಲಿ ಬಿಡೆ. ನೆಮ್ಮದಿಯಾಗಿದ್ದಾಳೆ.”

ಆ ಮಾತು ಬಾಯಿಂದ ಹೊರಬಿದ್ದ ಮೇಲೆ ಅದರ ಹಳೇ ರುಚಿ ನಾಲಿಗೆಗೆ ಹತ್ತಿತು.

ಅವನನ್ನು ಕಾಡುತ್ತಿದ್ದದ್ದು ಇನ್ನೂ ಒಂದಿತ್ತು. ಪ್ರತಿಬಿಂಬ ಬೀಳುವುದು ಸಹಜ. ಆದರೆ ಎದುರಿಗೇ ಕೂತ ದೊಡ್ಡ ಮುಖವನ್ನು ಬಿಟ್ಟು ಹಿಂದಿನ ಪುಟ್ಟ ಪ್ರತಿಬಿಂಬಕ್ಕೆ ಚೌಕ ಹಾರುವುದು ಏಕೆ? ಹೆಂಡತಿಯನ್ನು ಕೂರಿಸಿ ಪರೀಕ್ಷೆ ಮಾಡಿದ. ತಾನು ಪಕ್ಕಕ್ಕೆ ಸರಿದು ಗಾಜಿನಲ್ಲಿ ಕಾಣದಿದ್ದರೆ ಚೌಕ ಅವಳ ಮೇಲೆ ಸಾಧುವಾಗಿ ನಿಲ್ಲುತ್ತದೆ. ಗಾಜಿನಲ್ಲಿ ಕಂಡರೆ ಹಾರುತ್ತದೆ. ಬಸ್ಸಿನ ಕಿಟಕಿ, ಕ್ಷೌರದಂಗಡಿಯ ಕನ್ನಡಿ, ಎಲ್ಲೆಡೆ ಹಾಗೇ. ಹದಿನೇಳು ಸಲಕ್ಕೆ ಹದಿನೇಳು ಸಲವೂ. ನೋಟ್‌ಪುಸ್ತಕದಲ್ಲಿ ಎಲ್ಲವನ್ನೂ ಪಟ್ಟಿ ಮಾಡಿದ.

“ಬದುಕಿದ್ದಾಗ ನಿಮ್ಮ ಮುಖ ನೋಡದ ಮೈದುನ ಈಗ ಬಿಡ್ತಾನೇ ಇಲ್ಲ,” ಅಂದಳು ಹೆಂಡತಿ, ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕಣ್ಣಾರೆ ಕಾಣದ್ದನ್ನು ನಂಬದ ಮನುಷ್ಯ ಅಂದು ಕ್ಯಾಮೆರಾವನ್ನು ಮುಖ ಗೋಡೆಗೆ ತಿರುಗಿಸಿ ಇಟ್ಟ.

ಐದನೇ ಭಾನುವಾರ ತರಗತಿಯಲ್ಲಿ ಅವನ ಪಟ್ಟಿ ನೋಡಿದ ಫ್ಲ್ಯಾಶ್ ಮಾಮ ಕ್ಯಾಮೆರಾವನ್ನು ಕಸಿದುಕೊಂಡರು. ನಾಲ್ವರು ವಿದ್ಯಾರ್ಥಿಗಳನ್ನು ಮೆಟ್ಟಿಲ ಮೇಲೆ ನಿಲ್ಲಿಸಿ ಪರದೆ ನೋಡಿದರು. ಚೌಕ ದೊಡ್ಡವನ ಮೇಲೆ. ಅವನನ್ನು ಮೂಲೆಗೆ ದೂಡಿದರು. ಆಗಲೂ ಅವನ ಮೇಲೆ.

“ನಾವೇನು ಇದಕ್ಕೆ ಮಲತಾಯಿ ಮಕ್ಕಳಾ?” ಅಂದಳು ವಿದ್ಯಾರ್ಥಿನಿಯಾಗಿದ್ದ ದಂತವೈದ್ಯೆ.

ಮಾಮ ನಗಲಿಲ್ಲ. ಮೆನುವಿನ ಒಳಗೆ, ಅದರ ಒಳಗೆ, ಇನ್ನೂ ಒಂದು ಒಳಗೆ ಹೋದರು. “ರಾಯರೇ, ದೆವ್ವ ಗಿವ್ವ ಏನಿಲ್ಲ. ಕೆಲವು ಕ್ಯಾಮೆರಾಗೆ ಒಂದು ಮುಖ ತೋರಿಸಿ ‘ಇವರನ್ನ ನೆನಪಿಟ್ಟುಕೋ’ ಅಂತ ಹೇಳಬಹುದು. ಆಮೇಲೆ ಎಷ್ಟೇ ಜನ ಇರ್ಲಿ, ಅದು ಆ ಮುಖಾನೇ ಹುಡುಕತ್ತೆ. ಇದು ಕಾರ್ಡಲ್ಲಿ ಇರಲ್ಲ, ಕ್ಯಾಮೆರಾ ಹೊಟ್ಟೇಲೇ ಇರತ್ತೆ. ಹತ್ತು ಜನರಿಗೆ ಜಾಗ ಇದೆ. ಇದರಲ್ಲಿ ಇರೋರು ಒಬ್ಬರೇ.”

ಉಗುರಿನಷ್ಟು ಚಿತ್ರ. ದೊಡ್ಡವನದೇ ಮುಖ. ಕೆಳಗೆ ಹೆಸರಿನ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ: ಅಣ್ಣ.

ಚಿತ್ರದಲ್ಲಿ ಅವನು ಕನ್ನಡಕ ಹಾಕಿದ್ದ. ಕನ್ನಡಕ ಬಂದದ್ದು ಹೋದ ವರ್ಷ. ಹೆಗಲ ಹಿಂದೆ ಲ್ಯಾಬಿನ ಗೇಟು, ಫಲಕದ ಮೂಲೆ, ಅದರ ನೇರಕ್ಕೆ ನೀರಿನ ಟ್ಯಾಂಕು. ಅವನು ಮನೆಗೆ ಹೋಗದೆ ನೇರ ಲ್ಯಾಬಿನ ಬೀದಿಗೆ ನಡೆದ. ಫಲಕದ ಮೂಲೆಯೂ ಟ್ಯಾಂಕಿನ ಅಂಚೂ ಚಿತ್ರದಲ್ಲಿದ್ದಂತೆಯೇ ಒಂದೇ ಗೆರೆಗೆ ಬರುವವರೆಗೆ ಹಿಂದೆ ಹಿಂದೆ ಸರಿದ. ಬೆನ್ನಿಗೆ ಜೆರಾಕ್ಸ್ ಅಂಗಡಿಯ ಮುಚ್ಚಿದ ಶಟರ್ ತಾಗಿತು. ಚಿಕ್ಕವನು ಇಲ್ಲೇ ನಿಂತು, ಜೂಮ್‌ನಲ್ಲಿ ಹತ್ತಿರಕ್ಕೆಳೆದು ತೆಗೆದಿದ್ದ. ಅಲ್ಲಿಂದ ಗೇಟಿಗೆ ಇಪ್ಪತ್ತೆರಡು ಹೆಜ್ಜೆ.

ಎರಡು ಗಂಟೆಗೆ ಪಾಳಿ ಮುಗಿಸಿ ಹೊರಬಂದು, ರಸ್ತೆ ದಾಟುವ ಮೊದಲು ದೊಡ್ಡವನು ದಿನವೂ ಒಮ್ಮೆ ಎದುರಿಗೆ ನೋಡುತ್ತಾನೆ. ಅಂದೂ ನೋಡಿದ್ದ. ಚಿತ್ರದಲ್ಲಿ ಕಣ್ಣುಗಳು ನೆಟ್ಟಗೆ ಲೆನ್ಸಿನೊಳಕ್ಕೇ ಇದ್ದವು. ತಮ್ಮನನ್ನು ನೋಡಿಯೂ ಕಾಣದೆ ಅವನು ಬಸ್ಸು ಹತ್ತಿದ್ದ. ಇಪ್ಪತ್ತೆರಡು ಹೆಜ್ಜೆ ದಾಟಲಾರದೆ ಚಿಕ್ಕವನು ತನ್ನ ಊರಿಗೆ ಮರಳಿದ್ದ.

ಮನೆಗೆ ಬಂದಾಗ ಅಮ್ಮ ಸೀರೆ ಬದಲಿಸಿ ಕೂತಾಗಿತ್ತು. “ಎಷ್ಟೊತ್ತೋ? ಅವನು ಕಾಯ್ತಿದ್ದಾನೆ.”

ದೊಡ್ಡವನು ಅವಳನ್ನು ಎಬ್ಬಿಸಿ ಬೀರುವಿನ ಮುಂದೆ ನಿಲ್ಲಿಸಿದ. “ಅಮ್ಮ, ನನ್ನ ತಲೆ ನೋಡು. ಬೈತಲೆ ಯಾವ ಕಡೆ?”

“ಎಡಕ್ಕೆ.”

“ಈಗ ಗಾಜಲ್ಲಿ ನೋಡು.”

ಅಮ್ಮ ನೋಡಿದಳು. ತಿರುಗಿ ಅವನನ್ನು ನೋಡಿದಳು. ಮತ್ತೆ ಗಾಜು. ಒಳಗೆ ಕುಕ್ಕರ್ ಕೂಗಿ ನಿಂತಿತು.

“ಯಾವತ್ತಿಂದ ಗೊತ್ತಿತ್ತು ನಿನಗೆ?”

“ಮೊದಲ ದಿನದಿಂದ.”

“ನೋಡಿದ್ದೆ ನೀನು,” ಅಂದಳು ಅಮ್ಮ. “ಹೇಳಲಿಲ್ಲ.”

ಅದೇ ಎರಡು ಮಾತು. ಅಂದು ಚಿಕ್ಕವನ ಮುಂದೆ ಅವನು ತಲೆ ತಗ್ಗಿಸಿ ಎದ್ದುಹೋಗಿದ್ದ. ಇಂದು ಕಾಲು ಕೀಳಲಿಲ್ಲ.

“ಹೌದಮ್ಮ. ಅಪ್ಪನ ವಿಷಯದಲ್ಲೂ ಹೇಳಲಿಲ್ಲ. ತಪ್ಪು ನನ್ನದೇ. ಈಗ ಹೇಳೋದು ಇನ್ನೂ ಒಂದಿದೆ, ಕೇಳು.” ಉಗುರಿನಷ್ಟು ಚಿತ್ರವನ್ನು ತೆರೆದು ಅವಳ ಕೈಗಿಟ್ಟ. ಕೆಳಗಿನ ಹೆಸರನ್ನು ಓದಿ ಹೇಳಿದ. ಗೇಟು, ಶಟರ್, ಇಪ್ಪತ್ತೆರಡು ಹೆಜ್ಜೆ, ಒಂದನ್ನೂ ಮುಚ್ಚಿಡಲಿಲ್ಲ.

ಅಮ್ಮ ತುಂಬ ಹೊತ್ತು ಅತ್ತಳು. ಸೆರಗಿನಿಂದ ಮುಖ ಒರೆಸಿಕೊಂಡು, “ಇದನ್ನ ತೆಗೆದಾಗ ಅವನು ಎಲ್ಲಿದ್ದ?” ಎಂದಳು.

“ಕ್ಯಾಮೆರಾ ಹಿಂದೆ.”

“ಇಷ್ಟು ದಿನ ತಪ್ಪು ಕಡೆ ಹುಡುಕ್ತಿದ್ದೆ ನೋಡು.” ಕುರ್ಚಿಯನ್ನು ತಾನೇ ಎಳೆದು ಬೀರುವಿಗೆ ಓರೆಯಾಗಿಸಿದಳು. “ಅದನ್ನ ಮೇಜಿನ ಮೇಲಿಡು. ಅದೇ ತೆಗೆಯೋ ಹಾಗೆ ಮಾಡಕ್ಕಾಗತ್ತಾ? ಮಾಡಿ ನೀನೂ ಇಲ್ಲಿ ಬಾ.”

ಹೋದ ವಾರವಷ್ಟೇ ಕಲಿತ ಪಾಠ. ಮೇಜಿನ ಮೇಲೆ ಕ್ಯಾಮೆರಾ ಇಟ್ಟು, ಪರದೆಯನ್ನು ತಮ್ಮಿಬ್ಬರ ಕಡೆ ಮಗುಚಿ, ಹತ್ತು ಸೆಕೆಂಡಿನ ಟೈಮರ್ ಒತ್ತಿ ಬಂದು ಅಮ್ಮನ ಪಕ್ಕ ನೆಲದ ಮೇಲೆ ಕೂತ. ಕೆಂಪು ದೀಪ ಮಿನುಗತೊಡಗಿತು. ಹಳದಿ ಚೌಕ ಅಮ್ಮನ ಮುಖ ಮುಟ್ಟಿತು, ಬಿಟ್ಟಿತು, ಇಳಿದು ಬಂದು ಅವನ ಮುಖದ ಮೇಲೆ ನಿಂತಿತು. ಎದುರಿಗೆ ಮೇಜು, ಅದರಾಚೆ ಮಧ್ಯಾಹ್ನದ ಬಿಸಿಲು, ಖಾಲಿ ಬಾಗಿಲು.

“ಅಷ್ಟು ದೂರ ಯಾಕೋ ನಿಂತಿದ್ದೀಯ?” ಅಂದಳು ಅಮ್ಮ. ಕೇಳಿದ್ದು ದೊಡ್ಡವನನ್ನಲ್ಲ. “ಒಳಗೆ ಬಾ.”

ಕ್ಲಿಕ್.

ಆ ಚಿತ್ರದಲ್ಲಿ ಇಬ್ಬರೂ ಚೂಪಾಗಿಯೇ ಬಂದಿದ್ದಾರೆ. ಫ್ಲ್ಯಾಶ್ ಮಾಮ ಮೆಚ್ಚಿದರು, ಒಂದು ತಪ್ಪನ್ನೂ ತೋರಿಸಿದರು: ಯಾರೂ ಲೆನ್ಸ್ ನೋಡುತ್ತಿಲ್ಲ. ಲೆನ್ಸ್ ಇದ್ದದ್ದು ಮೇಜಿನ ಎತ್ತರಕ್ಕೆ. ಅಮ್ಮನ ಕಣ್ಣು, ದೊಡ್ಡವನ ಕಣ್ಣು, ನಾಲ್ಕೂ ಅದಕ್ಕಿಂತ ಮೇಲೆ ನೆಟ್ಟಿವೆ, ಮೇಜಿನ ಹಿಂದೆ ಒಬ್ಬ ಮನುಷ್ಯ ನಿಂತರೆ ಅವನ ಮುಖ ಇರುವಷ್ಟು ಎತ್ತರಕ್ಕೆ.