ಬೇರೆ ಒಲೆ

ಒಂದೇ ಒಲೆಯ ಅಡಿಗೆ ಉಣ್ಣುವವರೆಲ್ಲ ಒಂದು ಕುಟುಂಬ. ಒಂದೇ ಸೂರಿನಡಿ ಎರಡು ಒಲೆ ಇದ್ದರೆ ಎರಡು ಕುಟುಂಬ. ಪುಣೆಯ ವಿಶ್ವವಿದ್ಯಾಲಯದ ಜನಸಂಖ್ಯಾ ಅಧ್ಯಯನ ಕೇಂದ್ರದಲ್ಲಿ, ಸಮೀಕ್ಷೆಗೆ ಹೊರಡುವ ಹುಡುಗಿಯರಿಗೆ ಸ್ವರ್ಣಲತಾ ಹೇಳಿಕೊಡುವ ಮೊದಲ ಪಾಠ ಇದು. ಉತ್ತರ ಕೇಳಿ ಮುಖದಲ್ಲಿ ಆಶ್ಚರ್ಯ ತೋರಿಸಬಾರದು, ಉತ್ತರವನ್ನು ನಾವು ತಿದ್ದಬಾರದು ಎನ್ನುವುದು ಎರಡನೆಯದು.

ಈ ಸಲದ ಸಮೀಕ್ಷೆ ಅಕ್ಕಲಕೋಟೆಯ ಕಡೆಯ ಹಳ್ಳಿಗಳಲ್ಲಿ. ಅಲ್ಲಿ ಮನೆಮಾತು ಕನ್ನಡ. ಮರಾಠಿಯಿಂದ ಕನ್ನಡಕ್ಕೆ ತಂದ ಪ್ರಶ್ನೆಗಳು ಜನರಿಗೆ ತಿಳಿಯುತ್ತವೆಯೋ ಎಂದು ನೋಡಲು ಪುಣೆಯಲ್ಲೇ ಒಂದು ಕನ್ನಡದ ಮನೆ ಬೇಕಿತ್ತು. ಸೆಮಿನಾರ್ ಮುಗಿದ ಮೇಲೆ ಸ್ವರ್ಣಲತಾ, "ನಮ್ಮ ಮನೆಗೇ ಹೋಗೋಣ" ಎಂದಳು. ಹಾಗೆನ್ನುವಾಗ ಸ್ವಲ್ಪ ಹೆಮ್ಮೆಯೂ ಆಗಿತ್ತು.

ಮನೆ ಪುಣೆಯ ಖಡಕಿಯಲ್ಲಿ, ಅಣ್ಣ ದೇವದಾಸನದು. ಗಂಡ ತೀರಿಕೊಂಡಾಗ "ನಾನಿಲ್ವಾ?" ಎಂದು ಅವಳನ್ನು ಕರೆತಂದವನು ಅವನೇ. ಹೋದ ವರ್ಷ ಅತ್ತಿಗೆ ವಸಂತಿ ಸ್ವರ್ಣಲತಾಳ ಕೋಣೆಯ ಬಾಲ್ಕನಿಯಲ್ಲಿ ಸಣ್ಣ ಗ್ಯಾಸ್ ಒಲೆ ಇಡಿಸಿದ್ದಳು. "ನೀನು ಸೆಮಿನಾರ್ ಅಂತ ತಡ ಮಾಡಿ ಬರ್ತಿ. ಒಂದು ಚಾ ಬೇಕಾದ್ರೆ ನಮ್ಮನ್ನು ಕಾಯೋದು ಯಾಕೆ?" ಮೊದಮೊದಲು ಚಹಾ ಮಾತ್ರ. ಆಮೇಲೆ ಕೆಲವು ಸಂಜೆ ಅವಳಿಗೆಂದು ಮುಚ್ಚಿಟ್ಟ ಊಟ ಇರುತ್ತಿರಲಿಲ್ಲ. ಮರೆತಿರಬೇಕು ಎಂದುಕೊಂಡು ತಾನೇ ಅನ್ನಕ್ಕಿಟ್ಟಳು. ಭಾನುವಾರ ಬಂಗುಡೆ ಮೀನಿನ ಸಾರಿನ ಒಂದು ಬಟ್ಟಲು ಅವಳ ಕೋಣೆಗೆ ಬಂದರೆ ಸಾಕಿತ್ತು, ಎಲ್ಲವೂ ಮೊದಲಿನಂತೆಯೇ ಇದೆ ಎಂದು ನಂಬಲು.

ಪ್ರಶ್ನೆ ಕೇಳಲು ಬಂದವಳು ರೇಣು, ಸೊಲ್ಲಾಪುರದ ಕಡೆಯ ಹುಡುಗಿ. ತನ್ನ ಹೋಟೆಲಿನಿಂದ ಮಧ್ಯಾಹ್ನ ಮನೆಗೆ ಬಂದಿದ್ದ ದೇವದಾಸ ಬನಿಯನ್ನಿನ ಮೇಲೆ ಅಂಗಿ ಹಾಕಿಕೊಂಡು ಕೂತ.

"ತಪ್ಪು ಹೇಳಿದ್ರೆ ನನ್ನ ತಂಗಿ ಫೇಲ್ ಮಾಡ್ತಾಳೆ."

"ಫೇಲ್ ಆಗಾಕಿ ನಾ ರೀ ಕಾಕಾ, ನೀವಲ್ಲ" ಎಂದು ರೇಣು ನಕ್ಕಳು. "ಈ ಮನ್ಯಾಗ ಒಂದ ಒಲಿ ಮ್ಯಾಗಿನ ಅಡಗಿ ಉಣ್ಣೋರು ಎಷ್ಟ ಮಂದಿ ಅದೀರಿ?"

"ನಾನು, ವಸಂತಿ, ಮಗ ಕಿಶೋರ. ಮೂರು ಜನ."

ಸ್ವರ್ಣಲತಾ ಕಾದಳು. ಎದುರಿಗೇ ಕೂತವರನ್ನು ಎಣಿಸಲು ಜನ ಮರೆಯುತ್ತಾರೆ. ಅದಕ್ಕೆಂದೇ ಇನ್ನೊಂದು ಪ್ರಶ್ನೆ ಇದೆ. ರೇಣು ಅದನ್ನೂ ಕೇಳಿದಳು. "ಬ್ಯಾರೆ ಯಾರರೆ ಅದಾರೇನ್ರಿ? ಸಣ್ಣ ಕೂಸು, ವಯಸ್ಸಾದವರು, ಸಂಬಂಧಿಕರು?"

"ಸ್ವರ್ಣ ಇದ್ದಾಳಲ್ಲ. ಆದ್ರೆ ಅವಳದ್ದು ಬೇರೆ ಒಲೆ." ಅವನ ದನಿಯಲ್ಲಿ ಕಹಿ ಇರಲಿಲ್ಲ. ಸರಿಯುತ್ತರ ಹೇಳಿದ ಹುಡುಗನಂತೆ ತಂಗಿಯ ಕಡೆ ನೋಡಿದ. "ನೀನೇ ಎಷ್ಟು ಸಲ ಹೇಳಿದ್ದಿ. ಒಲೆ ಬೇರೆಯಾದ್ರೆ ಕುಟುಂಬವೂ ಬೇರೆ. ಸರಿ ಉಂಟಲ್ಲ?"

ಅಡಿಗೆಮನೆಯಲ್ಲಿ ಕಾಯಿ ತುರಿಯುವ ಸದ್ದು ನಿಂತಿತು.

"ಮ್ಯಾಡಮ್, ಒಂದೇ ಕುಟುಂಬ ಅಂತ ಹಾಕ್ಲೇನ್ರಿ?" ರೇಣು ಮೆಲ್ಲಗೆ ಕೇಳಿದಳು.

ಮೊನ್ನೆಯ ಬಂಗುಡೆ ಸಾರಿನ ಮಾತು ಸ್ವರ್ಣಲತಾಳ ಬಾಯಿಗೆ ಬಂದಿತ್ತು. ಆ ಬಟ್ಟಲನ್ನು ತೊಳೆದು, ಒರೆಸಿ, ಅತ್ತಿಗೆಯ ಕೈಗೆ ಹಿಂದಿರುಗಿಸಿದ್ದು ನೆನಪಾಯಿತು. ಹಾಗೆ ಬಟ್ಟಲು ಹಿಂದಿರುಗಿಸುವುದು ಪಕ್ಕದ ಮನೆಯವರಿಗೆ.

"ಬೇಡ. ಅವರು ಹೇಳಿದ್ದನ್ನೇ ಹಾಕು. ಮುಂದಿನ ಕುಟುಂಬ ಶುರು ಮಾಡು."

ರೇಣು ತಲೆ ತಗ್ಗಿಸಿದಳು. "ಯಜಮಾನರ ಹೆಸ್ರು ರೀ?"

"ಸ್ವರ್ಣಲತಾ."

"ಎಷ್ಟ ಮಂದಿ ಅದೀರಿ?"

"ಒಬ್ಬಳೇ."

ದೇವದಾಸನ ನಗು ಅಲ್ಲಿಗೆ ನಿಂತಿತು. "ಎಂತ ಮಾರಾಯ್ತಿ, ಇದು ಸುಮ್ನೆ ಪ್ರಾಕ್ಟೀಸಿಗಲ್ವಾ?"

"ಹೌದಣ್ಣ, ಪ್ರಾಕ್ಟೀಸಿಗೆ."

ಅವನು ಇನ್ನೇನಾದರೂ ಹೇಳಬಹುದೆಂದು ಅವಳು ಕಾದಳು. ಅವನು ಅಡಿಗೆಮನೆಯ ಬಾಗಿಲ ಕಡೆ ನೋಡಿದ. ಆಮೇಲೆ ಅಂಗಿಯ ಗುಂಡಿ ಹಾಕಿಕೊಳ್ಳತೊಡಗಿದ.

ಸ್ವರ್ಣಲತಾ ರೇಣುವಿನತ್ತ ತಿರುಗಿದಳು. "ಇನ್ನೊಂದು ಪ್ರಶ್ನೆ ಬಿಟ್ಟೆಯಲ್ಲ."

ರೇಣು ಕಾಗದದಿಂದ ತಲೆಯೆತ್ತದೆ ಕೇಳಿದಳು. "ಬ್ಯಾರೆ ಯಾರರೆ ಅದಾರೇನ್ರಿ?"

"ಇಲ್ಲ" ಎಂದಳು ಸ್ವರ್ಣಲತಾ. "ಯಾರೂ ಇಲ್ಲ."